ಗಂಟು ಬಿಚ್ಚಿ ತಿಂದ ಇಲಿಗಳು

ಬ್ಲಜೆನಾಳ ಬಗ್ಗೆ ಯಾರಾದರೂ ಓದುಬರಹ ಬಲ್ಲವರು ಬರೆಯುತ್ತಾರೆ ಅಂತ ಕಾದೆ. ಯಾರೂ ಬರೆಯಲಿಲ್ಲ. ಬರೆಯುವವರೆಲ್ಲ ನಮ್ಮ ನಿರ್ದೇಶಕ ಒತ್ಮಾರ್‌ನ ಬಗ್ಗೆ ಬರೆದರು, ಅವನ ಗೊಂಬೆಗಳ ಬಗ್ಗೆ ಬರೆದರು. ಗೊಂಬೆಯ ಕೋಟಿನ ಬಗ್ಗೆಯೇ ಹನ್ನೆರಡು ಪುಟ ಬರೆದ ಪುಣ್ಯಾತ್ಮನೂ ಒಬ್ಬ ಇದ್ದಾನೆ. ಆ ಕೋಟು ಹೊಲಿದವಳು ಯಾರು ಅಂತ ಅವನಿಗೂ ಬೇಕಾಗಿರಲಿಲ್ಲ. ಹೋಗಲಿ, ನಾನೇ ಬರೆಯುತ್ತೇನೆ. ನನ್ನ ಹೆಸರು ಲುಮೀರ್. ಬ್ರನೋ ಪಟ್ಟಣದ ಅಂಚಿನಲ್ಲಿ, ಹಳೆಯ ಟೊಪ್ಪಿ ಕಾರ್ಖಾನೆಯ ಮೇಲ್ಮಹಡಿಯಲ್ಲಿದ್ದ ನಮ್ಮ ಗೊಂಬೆ ಚಿತ್ರಗಳ ಕಾರ್ಯಾಗಾರದಲ್ಲಿ ಇಪ್ಪತ್ತಾರು ವರ್ಷ ದೀಪ ನೋಡಿಕೊಂಡವನು. ಬರೆಯುತ್ತೇನೆ ಅಂದಾಗ ಬ್ಲಜೆನಾ ಒಂದೇ ಷರತ್ತು ಹಾಕಿದಳು. "ಏನಾದ್ರೂ ಬರ್ಕೋ ಲುಮೀರ್. ಆದ್ರೆ ಸೂಪು ಚೆನ್ನಾಗಿತ್ತು ಅಂತ ಮಾತ್ರ ಬರೀಲೇಬೇಕು." ಬರೆದಿದ್ದೇನೆ. ಸೂಪು ಚೆನ್ನಾಗಿತ್ತು.

ನಾವು ಮಾಡುತ್ತಿದ್ದದ್ದು ತಲೆಬುಡ ಇಲ್ಲದ ಚಿತ್ರಗಳು. ಬೈಗುಳ ಅಲ್ಲ, ಇದ್ದದ್ದನ್ನೇ ಹೇಳುತ್ತಿದ್ದೇನೆ. ಹಲ್ಲುನೋವು ಬಂದು ಅಳುವ ಬಾಚಣಿಗೆ, ಮೇಜಿನ ಖಾನೆಯೊಳಗೆ ಉಕ್ಕುವ ಸಮುದ್ರ, ಮದುವೆಯಾಗಿ ಟೀ ಚಮಚಗಳನ್ನು ಹಡೆಯುವ ಎರಡು ಸೌಟು. ಗೊಂಬೆಯನ್ನು ಕೂದಲೆಳೆಯಷ್ಟು ಸರಿಸು, ಒಂದು ಫೋಟೋ ಹೊಡಿ. ಮತ್ತೆ ಸರಿಸು, ಮತ್ತೆ ಹೊಡಿ. ಬೆಳಗಿನಿಂದ ಸಂಜೆವರೆಗೆ ನಾಲ್ಕು ಜನ ಬೆನ್ನು ಬಗ್ಗಿಸಿ ದುಡಿದರೆ ತೆರೆಯ ಮೇಲೆ ನಾಲ್ಕು ಸೆಕೆಂಡು ಬರುತ್ತಿತ್ತು. ಮನೆಗೆ ಹೋದರೆ ಹೆಂಡತಿ ಕೇಳುತ್ತಿದ್ದಳು, "ಇವತ್ತು ಏನ್ ಕಡಿದು ಕಟ್ಟೆ ಹಾಕಿದ್ರಿ?" ನಾನು ಹೇಳುತ್ತಿದ್ದೆ, "ಬಾಚಣಿಗೆ ಒಂದ್ಸಲ ಬಿಕ್ಕಳಿಸ್ತು." ಅವಳು ತಟ್ಟೆ ತಂದಿಡುತ್ತಿದ್ದಳು.

ಇಂಥ ಚಿತ್ರ ಯಾಕೆ ನೋಡಬೇಕು ಅಂತ ಕೇಳಿದರೆ ನನಗೆ ಉತ್ತರ ಗೊತ್ತಿಲ್ಲ. ಆದರೆ ಎಲ್ಲಾದರೂ ಸಿಕ್ಕರೆ ಬಿಡಬೇಡಿ. ಅದರಲ್ಲೂ ಒತ್ಮಾರ್‌ನ 'ಮೆಟ್ಟಿಲಿಗೊಂದು ಮನೆ' ಸಿಕ್ಕರೆ ಊಟ ಬಿಟ್ಟಾದರೂ ನೋಡಿ. ಅಥವಾ ಊಟ ಮಾಡಿಯೇ ನೋಡಿ, ಅದಕ್ಕೆ ಅದೇ ಸರಿ. ಯಾಕೆ ಅಂತ ಮುಂದೆ ತಿಳಿಯುತ್ತದೆ.

ಬ್ಲಜೆನಾ ಕಟ್ಟಡದ ಜೊತೆ ಬಂದವಳು. ಟೊಪ್ಪಿ ಕಾರ್ಖಾನೆ ನಡೆಯುತ್ತಿದ್ದ ಕಾಲದಲ್ಲಿ ಅಲ್ಲೇ ಟೊಪ್ಪಿಗಳ ಒಳಗಿನ ಬಟ್ಟೆ ಹೊಲಿಯುತ್ತಿದ್ದಳು. ಕಾರ್ಖಾನೆ ಮುಚ್ಚಿ ನಾವು ಬಂದಾಗ ಹಳೆಯ ಮೇಜು, ಹಳೆಯ ಕಬ್ಬಿಣದ ಒಲೆ, ಬ್ಲಜೆನಾ ಮೂರೂ ಅಲ್ಲೇ ಇದ್ದವು. ಒತ್ಮಾರ್ ಒಂದು ಬೆರಳುದ್ದದ ಗೊಂಬೆ ಕೊಟ್ಟು, "ಇದಕ್ಕೊಂದು ಅಂಗಿ ಆಗುತ್ತಾ?" ಅಂದ. ಮಧ್ಯಾಹ್ನಕ್ಕೆ ಅಂಗಿ ತಂದಳು. ಅಂಗಿಗೆ ಜೇಬು, ಜೇಬಿಗೆ ಗುಂಡಿ, ಜೇಬಿನೊಳಗೆ ಸಾಸಿವೆಯಷ್ಟು ಮಡಿಸಿದ ಕರವಸ್ತ್ರ. ಒತ್ಮಾರ್ ಕರವಸ್ತ್ರವನ್ನು ಚಿಮಟದಲ್ಲಿ ಎತ್ತಿ ನೋಡಿ, "ಇದು ಕ್ಯಾಮೆರಾಕ್ಕೆ ಕಾಣೋದೇ ಇಲ್ವಲ್ಲ" ಅಂದ. "ಅವನಿಗೆ ನೆಗಡಿ ಆದ್ರೆ?" ಅಂದಳು ಬ್ಲಜೆನಾ. ಅವತ್ತಿನಿಂದ ಅವಳು ನಮ್ಮವಳು.

ಅವಳಿಗೆ ಇದ್ದದ್ದು ಎರಡು ಹುಚ್ಚು. ಮೊದಲನೆಯದು ಅಣಬೆ. ಅದು ನಮ್ಮವರೆಲ್ಲರಿಗೂ ಇದೆ ಬಿಡಿ, ಸೆಪ್ಟೆಂಬರ್ ಬಂತೆಂದರೆ ಬುಟ್ಟಿ ಹಿಡಿದು ಕಾಡಿಗೆ ಹೋಗದವನನ್ನು ನಾವು ಗಂಡಸು ಅನ್ನುವುದಿಲ್ಲ. ಆದರೆ ಬ್ಲಜೆನಾಗೆ ತಂಗಿಯ ಊರಿನ ಕಾಡಿನಲ್ಲಿ ಯಾವ ಮರದ ಬುಡದಲ್ಲಿ ಯಾವ ವಾರ ಅಣಬೆ ಏಳುತ್ತದೆ ಅನ್ನುವುದು ಬಾಯಿಪಾಠ. ಅದನ್ನು ಸ್ವಂತ ತಂಗಿಗೂ ಹೇಳಿರಲಿಲ್ಲ. ಎರಡನೆಯ ಹುಚ್ಚು ಕನ್ನಡಕ. ಹಾಕಿಕೊಳ್ಳುವುದಲ್ಲ, ತೆಗೆಯುವುದು. ಹತ್ತಿರದ್ದು ಕಾಣದ ಕಣ್ಣು ಅವಳದು. ಹೊಲಿಯುವಾಗ ಕನ್ನಡಕ ಬೇಕೇ ಬೇಕು. ಆದರೆ ಬಾಗಿಲಲ್ಲಿ ಯಾರಾದರೂ ಮೀಸೆ ಇರುವವರ ನೆರಳು ಬಿದ್ದರೆ ಸಾಕು, ಕನ್ನಡಕ ಏಪ್ರನ್ ಜೇಬಿಗೆ ಹೋಗುತ್ತಿತ್ತು. "ನನ್ನ ಮೂಗಿಗೆ ಅದು ಹೊಂದಲ್ಲ" ಅನ್ನುತ್ತಿದ್ದಳು. ಮೂಗು ಚೆನ್ನಾಗಿಯೇ ಇತ್ತು. ನಾನು ಹೇಳಿದರೆ, "ನಿನ್ನ ಅಭಿಪ್ರಾಯ ಯಾರು ಕೇಳಿದ್ರು, ಹೋಗಿ ಬಲ್ಬ್ ಒರೆಸು" ಅನ್ನುತ್ತಿದ್ದಳು.

ನಾನು ಅವಳಿಗೆ ನೀನು, ಅವಳು ನನಗೆ ನೀನು. ಕಾರ್ಯಾಗಾರದಲ್ಲಿ ಎಲ್ಲರೂ ಎಲ್ಲರಿಗೂ ನೀನು ಆಗಿದ್ದರು. ಒತ್ಮಾರ್ ಮತ್ತು ಬ್ಲಜೆನಾ ಮಾತ್ರ ಒಬ್ಬರಿಗೊಬ್ಬರು ನೀವು. ನಮ್ಮಲ್ಲಿ ಗಂಡಸು ತಾನಾಗಿ ಹೆಂಗಸಿಗೆ ನೀನು ಅನ್ನುವ ಹಾಗಿಲ್ಲ; ಅವಳೇ ಲೋಟ ಎತ್ತಿ, "ಇನ್ಮೇಲೆ ನೀನು ಅನ್ನೋಣ" ಅಂತ ಕರೆಯಬೇಕು. ಬ್ಲಜೆನಾ ಕರೆಯುವ ಅಂದಾಜಿನಲ್ಲಿದ್ದಳು ಅಂತ ನನಗೆ ಗೊತ್ತು. ಎಪ್ಪತ್ತಮೂರರ ಕ್ರಿಸ್‌ಮಸ್‌ಗೆ ಒತ್ಮಾರ್‌ಗಂತ ಒಂದು ಮಫ್ಲರ್ ಹೆಣೆದು, ಕೊಡುವ ಧೈರ್ಯ ಸಾಲದೆ, ಹೊಸ ಚಿತ್ರ ಮುಗಿದ ದಿನ ಕೊಡುತ್ತೇನೆ ಅಂತ ಪೆಟ್ಟಿಗೆಯಲ್ಲಿಟ್ಟಿದ್ದಳು. ಅವಳಿಗೆ ಆಗ ಮೂವತ್ಮೂರು, ಅವನಿಗೆ ಮೂವತ್ತೊಂಬತ್ತು, ಇಬ್ಬರಿಗೂ ಮನೆಯಲ್ಲಿ ಕಾಯುವವರಿರಲಿಲ್ಲ. ನಾವು ಬಾಜಿ ಕಟ್ಟಿದ್ದೆವು, ವಸಂತಕ್ಕೆ ಮುಂಚೆ ಆಗುತ್ತೆ ಅಂತ. ಅಷ್ಟರಲ್ಲಿ ಸೂಪು ಆಯಿತು.

ಹೊಸ ಚಿತ್ರದ ಕಥೆ ಕೇಳಿ. ಒಬ್ಬ ಗುಮಾಸ್ತ ಬಗಲಲ್ಲಿ ಒಂದು ಮರದ ಮೆಟ್ಟಿಲು ಇಟ್ಟುಕೊಂಡು ಅದಕ್ಕೆ ಹೊಂದುವ ಮನೆ ಹುಡುಕುತ್ತಾ ಊರೆಲ್ಲ ಅಲೆಯುತ್ತಾನೆ. ಅಷ್ಟೇ ಕಥೆ. ಆ ಗುಮಾಸ್ತನ ತಲೆ ಒಂದು ಅಣಬೆ. ಮರದ್ದಲ್ಲ, ಮೇಣದ್ದಲ್ಲ, ಬ್ಲಜೆನಾಳ ಕಾಡಿನ ನಿಜವಾದ ಕಂದು ಅಣಬೆ, ಒಣಗಿಸಿದ್ದು. ಒಣಗಿದ ಅಣಬೆಯ ಸುಕ್ಕು ಯಾವ ಶಿಲ್ಪಿಗೂ ಬರುವುದಿಲ್ಲ ಅಂತ ಒತ್ಮಾರ್‌ನ ವಾದ. ನಗು ಬೇಕಾದಾಗ ಒಂದು ತಲೆ, ಅಳು ಬೇಕಾದಾಗ ಇನ್ನೊಂದು, ಆಕಳಿಕೆಗೆ ಮತ್ತೊಂದು. ಒಟ್ಟು ಮೂವತ್ತೊಂದು ತಲೆಗಳು, ಪ್ರತಿಯೊಂದರಲ್ಲೂ ಸೂಜಿ ಮೊನೆಯಲ್ಲಿ ಕೊರೆದ ಬಾಯಿ. ಕಣ್ಣು ಮಾತ್ರ ಎರಡೇ, ಗಾಜಿನ ಕರಿಮಣಿಗಳು. ಅವನ್ನು ಯಾವ ತಲೆ ಬೇಕೋ ಅದಕ್ಕೆ ಚೂರು ಮೇಣ ಹಚ್ಚಿ ಅಂಟಿಸುವುದು. ವಾರ್ನಿಶ್ ಬಳಿದರೆ ನನ್ನ ದೀಪಕ್ಕೆ ಹೊಳೆಯುತ್ತವೆ ಅಂತ ತಲೆಗಳಿಗೆ ಏನೂ ಬಳಿದಿರಲಿಲ್ಲ. ಇದನ್ನು ಯಾಕೆ ಹೇಳುತ್ತೇನೆಂದರೆ ಯಾರಿಗೂ ಹೊಟ್ಟೆ ಕೆಡಲಿಲ್ಲ ಅಂತ ನಿಮಗೆ ನೆಮ್ಮದಿ ಇರಲಿ.

ತಲೆಗಳು ತೇವ ಹಿಡಿಯಬಾರದು ಅಂತ, ಕೆಲಸ ನಿಂತಾಗಲೆಲ್ಲ ಕಣ್ಣು ಅಂಟಿದ್ದ ತಲೆಯನ್ನೂ ಸೇರಿಸಿ, ದಾರಕ್ಕೆ ಪೋಣಿಸಿ ಕಬ್ಬಿಣದ ಒಲೆಯ ಮೇಲೆ ಬಲಗಡೆ ಗೂಟಕ್ಕೆ ನೇತುಹಾಕುತ್ತಿದ್ದೆವು. ಎಡಗಡೆ ಗೂಟಕ್ಕೆ ಬ್ಲಜೆನಾಳ ಅಡುಗೆಯ ಅಣಬೆ ಸರ. ಅದೇ ಕಾಡು, ಅದೇ ಬುಟ್ಟಿ, ಅದೇ ದಾರ.

ಎಪ್ಪತ್ತನಾಲ್ಕರ ಜನವರಿಯಲ್ಲಿ, ಚಿತ್ರ ಅರ್ಧ ಮುಗಿದಾಗ, ಪ್ರಾಗ್‌ನಿಂದ ಕಾಮ್ರೇಡ್ ಪೆಶೆಕ್ ಅನ್ನುವ ಕಮ್ಯುನಿಸ್ಟ್ ಸರ್ಕಾರದ ಅಧಿಕಾರಿ ಬಂದ. ಚಿತ್ರ ನೋಡಿ, ಮುಂದುವರಿಸಬೇಕೋ ನಿಲ್ಲಿಸಬೇಕೋ ಹೇಳುವವನು. ಎತ್ತರದ ಆಳು, ತಿದ್ದಿದ ಮೀಸೆ, ಹೊಸ ಚರ್ಮದ ಕೈಗವಸು. ಬ್ಲಜೆನಾಳ ಕನ್ನಡಕ ಜೇಬಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ.

ಪೆಶೆಕ್ ನೋಡಿದ. ಹುಬ್ಬು ಗಂಟಿಕ್ಕಿದ. "ಈ ತಲೆ ಯಾಕೆ ಅಣಬೆ?" ಅಂದ.

"ಅಣಬೆ ಆದ್ರಿಂದ" ಅಂದ ಒತ್ಮಾರ್.

"ಯಾರನ್ನೋ ಹೋಲುತ್ತೆ."

"ಯಾರನ್ನ ಕಾಮ್ರೇಡ್?"

ದೊಡ್ಡ ನಾಯಕರ ಹೆಸರನ್ನು ಬಾಯಿಬಿಟ್ಟು ಹೇಳುವಷ್ಟು ದಡ್ಡನಲ್ಲ ಪೆಶೆಕ್. "ಊಟ ಆದ್ಮೇಲೆ ಹೇಳ್ತೀನಿ" ಅಂದ. ನಾವು ದಿನಾ ಉಣ್ಣುವ ಕ್ಯಾಂಟೀನಿನಲ್ಲಿ ಚಳಿಗೆ ನೀರಿನ ಪೈಪು ಒಡೆದು ಅವತ್ತು ಅಡುಗೆ ಇರಲಿಲ್ಲ. ಒತ್ಮಾರ್ ಬ್ಲಜೆನಾಳ ಕಡೆ ತಿರುಗಿ ಕಣ್ಣಲ್ಲೇ ಬೇಡಿಕೊಂಡ. ಅವಳು ಅಂಗಿಯ ತೋಳು ಮೇಲಕ್ಕೇರಿಸಿದಳು.

ಆಲೂಗಡ್ಡೆ ಹೆಚ್ಚಿದಳು, ಬೆಳ್ಳುಳ್ಳಿ ಜಜ್ಜಿದಳು, ಶಾಜೀರಿಗೆ ಹಾಕಿದಳು, ಮರುಗದ ಎಲೆ ಕೈಯಲ್ಲಿ ಹಿಸುಕಿ ಉದುರಿಸಿದಳು. ಗೂಟದಿಂದ ಸರ ತೆಗೆದು, ಗಂಟು ಬಿಚ್ಚಿ, ಅಣಬೆಗಳನ್ನು ಪಾತ್ರೆಗೆ ಸುರಿದಳು. ಮಾಡುತ್ತಾ ಮಾಡುತ್ತಾ ಹಿಂದೆ ತಿರುಗಿ ಪೆಶೆಕ್‌ನತ್ತ ಒಂದು ನಗು. ಆ ವಾಸನೆಗೆ ನಾನು ದೀಪ ಬಿಟ್ಟು ಬಂದು ಕೂತೆ. ಹೇಳಿದೆನಲ್ಲ, ಸೂಪು ಚೆನ್ನಾಗಿತ್ತು. ಪೆಶೆಕ್ ಎರಡು ಬಟ್ಟಲು ಕುಡಿದ. ನಾನು ಮೂರು. ಒತ್ಮಾರ್ ಎರಡನೆಯದರ ನಡುವೆ ಕೆಮ್ಮಿ, ಕರವಸ್ತ್ರ ಬಾಯಿಗೆ ಒತ್ತಿಕೊಂಡ. ಬ್ಲಜೆನಾ ಗಾಬರಿಯಾಗಿ, "ಖಾರ ಆಯ್ತಾ?" ಅಂದಳು.

"ಇಲ್ಲ ಇಲ್ಲ, ಒಂದು ಮೆಣಸಿನ ಕಾಳು ಸಿಕ್ತು" ಅಂದ. ಉಳಿದದ್ದನ್ನು ನಿಧಾನವಾಗಿ, ಒಂದು ತೊಟ್ಟೂ ಬಿಡದೆ ಕುಡಿದ.

ಪೆಶೆಕ್ ಮೀಸೆ ಒರೆಸಿಕೊಂಡು ಹಿಂದಕ್ಕೆ ಒರಗಿದ. ಹೊಟ್ಟೆ ತುಂಬಿದ ಮನುಷ್ಯ ಬೇರೆಯೇ ಮನುಷ್ಯ. "ಇರ್ಲಿ ಬಿಡಿ ನಿಮ್ಮ ಅಣಬೆ ಮನುಷ್ಯ. ಮುಂದುವರಿಸಿ. ಮಾರ್ಚ್ ಕೊನೆಗೆ ಮುಗಿಸ್ಬೇಕು, ಮುಗೀದಿದ್ರೆ ಈ ಮಹಡಿಗೆ ಬೀಗ" ಅಂದ.

ಒತ್ಮಾರ್ ಗಂಭೀರವಾಗಿ ತಲೆಬಾಗಿದ. "ನಮ್ಮ ನಾಯಕ ನಿಮಗೆ ಹಿಡಿಸಿದ್ನಲ್ಲ ಕಾಮ್ರೇಡ್, ಅಷ್ಟು ಸಾಕು."

ಪೆಶೆಕ್ ಹೋದ. ಒತ್ಮಾರ್ ಅವನನ್ನು ರೈಲಿಗೆ ಹತ್ತಿಸಲು ಹೋದ. ಬ್ಲಜೆನಾ ಹಾಡು ಗುನುಗುತ್ತಾ ಪಾತ್ರೆ ತೊಳೆಯುತ್ತಿದ್ದಳು. ಹಾಡು ಪಕ್ಕನೆ ನಿಂತಿತು. ತಿರುಗಿ ನೋಡಿದರೆ ಪಾತ್ರೆಯೊಳಗೆ ಕೈ ಬಿಟ್ಟು ಹಾಗೇ ನಿಂತಿದ್ದಾಳೆ. ಮೆಲ್ಲಗೆ ಕೈ ಎತ್ತಿದಳು. ಬೆರಳ ತುದಿಯಲ್ಲಿ ಒಂದು ಕರಿಮಣಿ. ಏಪ್ರನ್ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡಳು. ಮಣಿ ನೋಡಿದಳು. ಒಲೆಯ ಮೇಲೆ ನೋಡಿದಳು. ಎಡಗಡೆ ಗೂಟದಲ್ಲಿ ಅಣಬೆ ಸರ ಹಾಗೇ ಇತ್ತು. ಬಲಗಡೆ ಖಾಲಿ ಗೂಟ.

"ಲುಮೀರ್" ಅಂದಳು. ದನಿಯೇ ಇರಲಿಲ್ಲ. "ನಾವು ಅವನನ್ನ ತಿಂದ್ಬಿಟ್ವಿ."

ಅಯ್ಯೋ ದೇವರೇ, ನನಗೆ ನಗು ಬಂತು. ಹೊಟ್ಟೆ ಹಿಡಿದುಕೊಂಡು ನಕ್ಕೆ. ಆ ಹೊಟ್ಟೆಯೊಳಗೇ ನಗುವ ತಲೆ, ಅಳುವ ತಲೆ, ಆಕಳಿಸುವ ತಲೆ ಎಲ್ಲ ಇದ್ದವಲ್ಲ! ಆದರೆ ಬ್ಲಜೆನಾ ನೆಲದ ಮೇಲೆ ಕುಸಿದು ಕೂತಿದ್ದಳು. ಹೊಸ ಅಣಬೆ ಬರಬೇಕಾದರೆ ಸೆಪ್ಟೆಂಬರ್ ಬರಬೇಕು. ಅಡುಗೆ ಸರದಲ್ಲಿದ್ದದ್ದು ಸಣ್ಣ ಸಣ್ಣ ಅಣಬೆ, ಗುಮಾಸ್ತನ ಕುತ್ತಿಗೆಗೆ ಹೊಂದುವಂಥದ್ದು ಒಂದೂ ಇಲ್ಲ. ನಾಲ್ಕು ವರ್ಷದಿಂದ ಒತ್ಮಾರ್ ಕನಸು ಕಂಡ ಚಿತ್ರ, ಮಾರ್ಚಿಗೆ ಮುಗಿಯದಿದ್ದರೆ ಎಲ್ಲರ ಅನ್ನಕ್ಕೂ ಕಲ್ಲು. ಇಷ್ಟಾದರೂ ಅವಳು ಅಳುತ್ತಿದ್ದದ್ದು ಅದಕ್ಕಲ್ಲ. "ಅವರು ನನ್ನ ಮುಖ ಹ್ಯಾಗೆ ನೋಡ್ತಾರೆ?" ಅನ್ನುತ್ತಿದ್ದಳು. ಆಮೇಲೆ ಥಟ್ಟನೆ ತಲೆ ಎತ್ತಿ, "ಕಣ್ಣು ಎರಡಿತ್ತು. ಇನ್ನೊಂದು ಎಲ್ಲಿ?" ಅಂದಳು.

ಇಬ್ಬರೂ ಬಟ್ಟಲುಗಳನ್ನೆಲ್ಲ ತಡಕಿದೆವು. ಇರಲಿಲ್ಲ. ಪೆಶೆಕ್ ನುಂಗಿರಬೇಕು ಅಂತ ತೀರ್ಮಾನಕ್ಕೆ ಬಂದೆವು. ಆಮೇಲೆ ಎಷ್ಟೋ ವರ್ಷ ಬ್ಲಜೆನಾ ಪೇಪರಿನಲ್ಲಿ ಅವನ ಹೆಸರು ಹುಡುಕುತ್ತಿದ್ದಳು. ಯಾವುದೋ ಸಭೆಯಲ್ಲಿ ಭಾಷಣ ಮಾಡಿದ ಅಂತ ಓದಿದರೆ, ಸದ್ಯ ಬದುಕಿದ್ದಾನೆ ಅಂತ ಸಮಾಧಾನಪಟ್ಟುಕೊಳ್ಳುತ್ತಿದ್ದಳು.

ಮಾರನೇ ದಿನ ಬೆಳಗ್ಗೆ ಒತ್ಮಾರ್ ಬಂದು ಖಾಲಿ ಗೂಟದ ಮುಂದೆ ನಿಂತ. ಬ್ಲಜೆನಾ ರಾತ್ರಿಯೆಲ್ಲ ಉರುಹೊಡೆದ ಮಾತನ್ನು ಒಂದೇ ಉಸಿರಿಗೆ ಒದರಿದಳು. "ಇಲಿ. ಇಲಿಗಳು ಬಂದು ತಿಂದುಬಿಟ್ಟಿವೆ."

ಒತ್ಮಾರ್ ನೆಲದಿಂದ ದಾರ ಎತ್ತಿಕೊಂಡ. ಎಲ್ಲೂ ಕಡಿದಿರಲಿಲ್ಲ. ತುದಿಯಿಂದ ತುದಿಗೆ ಎಳೆದು ನೋಡಿದ. "ಗಂಟು ಬಿಚ್ಚಿ ತಿಂದಿವೆ" ಅಂದ. "ಬಹಳ ಸಂಸ್ಕಾರವಂತ ಇಲಿಗಳು."

ಬ್ಲಜೆನಾ ನೆಲ ನೋಡುತ್ತಿದ್ದಳು. ನಾನು ಒರೆಸಿದ್ದ ಬಲ್ಬನ್ನೇ ಇನ್ನೊಂದು ಸಲ ಒರೆಸಿದೆ. ಒತ್ಮಾರ್ ಮತ್ತೇನೂ ಕೇಳದೆ ಹೊರಗೆ ಹೋದ. ಎರಡು ದಿನ ಬರಲಿಲ್ಲ. ಮೂರನೇ ದಿನ ಬಂದಾಗ ಕಂಕುಳಲ್ಲಿ ಒಂದು ಬೂದು ಬೆಕ್ಕು.

"ಇಲಿ ಕಾಟ ಅಂದ್ರಲ್ಲ. ಇವನ ಹೆಸರು ಇನ್ಸ್‌ಪೆಕ್ಟರ್. ದಿನಾ ಬೆಳಗ್ಗೆ ನೀವೇ ಹಾಲು ಹಾಕಿ" ಅಂತ ಅವಳ ಕೈಗೆ ಕೊಟ್ಟ. ಬೆಕ್ಕಿನ ಕುತ್ತಿಗೆಗೆ ಚರ್ಮದ ಪಟ್ಟಿ ಇತ್ತು, ಗಂಟೆ ಇರಲಿಲ್ಲ. ಗಂಟೆ ಕೇಳಿದರೆ ಇಲಿಗಳು ಎಚ್ಚರವಾಗುತ್ತವೆ ಅಂದ. ಆಮೇಲೆ ಬೀರುವಿನಿಂದ ಗುಮಾಸ್ತನ ಕೋಟು ತೆಗೆದು ಮೇಜಿನ ಮೇಲಿಟ್ಟ. "ತಲೆ ಹೋದ್ರೆ ಹೋಗ್ಲಿ, ಕೋಟಿದೆಯಲ್ಲ. ಬ್ಲಜೆನಾ, ಈ ಕೋಟು ಒಬ್ಬನೇ ನಟಿಸ್ಬೇಕು. ಆಗುತ್ತಾ?"

ಆಗುತ್ತಾ ಅಂದರೆ! ಆ ಎರಡು ತಿಂಗಳು ಅವಳು ಹೊಲಿದ ಹಾಗೆ ಯಾರೂ ಯಾವತ್ತೂ ಹೊಲಿದಿಲ್ಲ. ಅಂಚಿನೊಳಗೆ ಎಳೆ ತಂತಿ ಸೇರಿಸಿ ಹನ್ನೊಂದು ಕೋಟು ಮಾಡಿದಳು. ಅವಮಾನವಾದಾಗ ಕುಗ್ಗುವ ಭುಜದ್ದೊಂದು, ಚಳಿಗೆ ಮುದುರುವ ಕಾಲರಿನದೊಂದು, ಹೆದರಿಕೆಗೆ ಜೇಬು ಬಿಗಿಹಿಡಿಯುವುದೊಂದು. ಹೊಲಿಯುವಾಗ ಯಾರು ಬಂದರೂ ಕನ್ನಡಕ ತೆಗೆಯಲಿಲ್ಲ. ಚಿತ್ರದ ನಡುವೆ, ಒಂದು ಬೀದಿ ತಿರುವಿನಲ್ಲಿ, ಗುಮಾಸ್ತನ ತಲೆ ಇರುವುದಿಲ್ಲ. ಏನೂ ಕಾರಣ ಇಲ್ಲ, ಇರುವುದಿಲ್ಲ ಅಷ್ಟೇ. ಕೋಟು ಒಂದು ಕ್ಷಣ ನಿಲ್ಲುತ್ತದೆ, ತೋಳೆತ್ತಿ ತಲೆ ಇದ್ದ ಜಾಗ ಮುಟ್ಟಿ ನೋಡಿಕೊಳ್ಳುತ್ತದೆ, ಮೆಟ್ಟಿಲನ್ನು ಬಗಲಿಗೆ ಏರಿಸಿಕೊಂಡು ಮುಂದೆ ನಡೆಯುತ್ತದೆ. ಕೊನೆಗೆ ಮೆಟ್ಟಿಲಿಗೆ ಹೊಂದುವ ಮನೆ ಸಿಗುತ್ತದೆ. ಕೋಟು ಹತ್ತಿ ಒಳಗೆ ಹೋಗಿ, ಗೂಟಕ್ಕೆ ತನ್ನನ್ನು ತಾನೇ ಸಿಕ್ಕಿಸಿಕೊಂಡು ನಿದ್ದೆ ಹೋಗುತ್ತದೆ. ಆ ನಿದ್ದೆಯ ಉಸಿರಿಗೆ ನಾನು ಒಂಬತ್ತು ದಿನ ದೀಪ ಹಿಡಿದೆ. ನೂರು ಸಲ ನೋಡಿದ್ದೇನೆ, ಇವತ್ತಿಗೂ ಆ ಜಾಗ ಬಂದರೆ ಕುರ್ಚಿ ಮುಂದಕ್ಕೆ ಎಳೆದುಕೊಳ್ಳುತ್ತೇನೆ.

ಮಾರ್ಚಿನಲ್ಲಿ ಪೆಶೆಕ್ ಮತ್ತೆ ಬಂದು ನೋಡಿದ. "ತಲೆ ಎಲ್ಲಿ ಹೋಯ್ತು?" ಅಂದ.

"ಅದನ್ನ ನೀವೇ ಹೇಳ್ಬೇಕು ಕಾಮ್ರೇಡ್" ಅಂದ ಒತ್ಮಾರ್, ಬಹಳ ಮರ್ಯಾದೆಯಿಂದ.

ಪೆಶೆಕ್ ಅವನ ಮುಖವನ್ನೇ ನೋಡಿದ. ತನಗೆ ಗೊತ್ತಿರಬೇಕಾದ ಮೇಲಿನವರ ಗುಟ್ಟು ಏನೋ ಇದೆ, ಕೇಳಿದರೆ ತನ್ನ ಬುಡಕ್ಕೇ ಬರುತ್ತದೆ ಅನ್ನಿಸಿರಬೇಕು. ಲೇಖನಿ ತೆಗೆದು ರುಜು ಹಾಕಿದ. ಹೊರಡುವಾಗ, "ಇವತ್ತು ಸೂಪು ಇಲ್ವಾ?" ಅಂತ ಕೇಳಿದ. ಬ್ಲಜೆನಾ ಬಟ್ಟೆಯ ಬೀರುವಿನ ಹಿಂದೆ ಬಚ್ಚಿಟ್ಟುಕೊಂಡಿದ್ದಳು.

ಆ ಸಂಜೆ ಚಿತ್ರ ಮುಗಿದ ಖುಷಿಗೆ ಪ್ಲಮ್ ಬ್ರಾಂಡಿ ಬಾಟಲಿ ತೆರೆದೆವು. ಒತ್ಮಾರ್ ಲೋಟ ಹಿಡಿದು ಬ್ಲಜೆನಾಳ ಎದುರು ಬಂದು ನಿಂತ. ಅವಳು ಕರೆಯಲಿ ಅಂತ ಕಾದ. ಮಫ್ಲರ್ ಅವಳ ಚೀಲದಲ್ಲಿದೆ ಅಂತ ನನಗೆ ಗೊತ್ತಿತ್ತು. ಅವಳ ತುಟಿ ಅಲುಗಿತು. ಆಮೇಲೆ, "ನಿಮ್ಮ ಆರೋಗ್ಯಕ್ಕೆ" ಅಂದಳು.

"ನಿಮ್ಮ ಆರೋಗ್ಯಕ್ಕೆ" ಅಂದ ಒತ್ಮಾರ್, ಕುಡಿದು ಲೋಟ ಇಟ್ಟ.

ನಾನು ಅವಳನ್ನು ಮೂಲೆಗೆ ಎಳೆದುಕೊಂಡು ಹೋಗಿ ಬೈದೆ. ಅವಳು ಹೇಳಿದಳು, "ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದೀನಿ ಲುಮೀರ್. ಯಾವ ಬಾಯಲ್ಲಿ ನೀನು ಅನ್ಲಿ? ಮೊದಲು ನಿಜ ಹೇಳ್ತೀನಿ, ಆಮೇಲೆ."

ಆ ಮೊದಲು ಬರಲೇ ಇಲ್ಲ. ಇವತ್ತು ಹೇಳುತ್ತೇನೆ, ಈಸ್ಟರ್ ಆಗಲಿ, ಬೇಸಿಗೆ ಕಳೆಯಲಿ. ಚಿತ್ರ ಹೊರದೇಶಕ್ಕೆ ಹೋಗಿ ಹೆಸರಾದ ಮೇಲಂತೂ ಬಾಯಿಗೆ ಬೀಗವೇ ಬಿತ್ತು. ಮಾಯವಾದ ತಲೆ ಅಂದರೆ ಮಾಯವಾದ ದೇಶ ಅಂತ ಒಬ್ಬ ಬರೆದ, ದೇವರು ಅಂತ ಇನ್ನೊಬ್ಬ. ಒತ್ಮಾರ್‌ನನ್ನು ಕೇಳಿದರೆ, "ಅದು ಹಸಿವಿನ ಬಗ್ಗೆ ಮಾಡಿದ ಚಿತ್ರ" ಅನ್ನುತ್ತಿದ್ದ. ಅದಕ್ಕೂ ಯಾರೋ ಒಂದು ದೊಡ್ಡ ಲೇಖನ ಬರೆದರು.

ಬ್ಲಜೆನಾ ಮತ್ತೆ ಯಾವತ್ತೂ ಅಣಬೆ ಸೂಪು ಮಾಡಲಿಲ್ಲ. ನಮ್ಮೂರಿನಲ್ಲಿ ಅಣಬೆ ಸೂಪು ಮಾಡದ ಹೆಂಗಸು! ತಂಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲು ನೋಡಿದಳು. ಬೆಕ್ಕಿಗೆ ಮಾತ್ರ ಹದಿನಾಲ್ಕು ವರ್ಷ ದಿನ ತಪ್ಪದೆ ಹಾಲು ಹಾಕಿದಳು, ಮುಖ ಆ ಕಡೆ ತಿರುಗಿಸಿಕೊಂಡು. ಅದರ ಕಣ್ಣು ನೋಡಿದರೆ ಅವಳಿಗೆ ಚರ್ಚಿನ ತಪ್ಪೊಪ್ಪಿಗೆ ಪೆಟ್ಟಿಗೆಯಲ್ಲಿ ಕೂತ ಹಾಗಾಗುತ್ತಿತ್ತು. ಒತ್ಮಾರ್ ದಿನಾ ಬಂದು ಕೇಳುತ್ತಿದ್ದ, "ಇನ್ಸ್‌ಪೆಕ್ಟರ್ ಸಾಹೇಬ್ರಿಗೆ ಊಟ ಆಯ್ತಾ? ತನಿಖೆ ಎಲ್ಲಿವರೆಗೆ ಬಂತು?" ಪಾಪದ ಮನುಷ್ಯ, ಇನ್ನೂ ಇಲಿ ನಂಬಿಕೊಂಡಿದ್ದಾನೆ ಅಂತ ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು.

ಬೆಕ್ಕು ಸತ್ತಿತು. ಸರ್ಕಾರ ಬಿತ್ತು. ಕಾರ್ಯಾಗಾರವೂ ಮುಚ್ಚಿತು. ಬ್ಲಜೆನಾ ಪರದೆ, ದಿಂಬಿನ ಚೀಲ ಹೊಲಿದುಕೊಂಡು ಬದುಕಿದಳು. ಒತ್ಮಾರ್‌ನ ಹುಟ್ಟುಹಬ್ಬಕ್ಕೆ ವರ್ಷಕ್ಕೊಮ್ಮೆ ಹೋಗಿ, ಕೇಕು ಕೊಟ್ಟು, "ನೀವು ಹೇಗಿದೀರಿ", "ನೀವು ಹೇಗಿದೀರಿ" ಅಂತ ಪರಸ್ಪರ ಕೇಳಿಕೊಂಡು ಬರುತ್ತಿದ್ದಳು.

ಎರಡು ಸಾವಿರದ ಹದಿನಾರರ ಶರತ್ಕಾಲದಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ರದಾನಾ ಅನ್ನುವ ಹುಡುಗಿ ಚಿತ್ರದ ಬಗ್ಗೆ ಪುಸ್ತಕ ಬರೆಯುತ್ತೇನೆ ಅಂತ ಬ್ಲಜೆನಾಳ ಮನೆಗೆ ಬಂದಳು. ಒತ್ಮಾರ್‌ಗೆ ಹೃದಯದ ಆಪರೇಷನ್ ನಿಗದಿಯಾಯಿತು, ಸೋಮವಾರಕ್ಕೆ. ಎಂಬತ್ತೊಂದು ವರ್ಷದವನಿಗೆ ಅದು ಸುಲಭವಲ್ಲ ಅಂತ ಡಾಕ್ಟರೇ ಹೇಳಿದ್ದರಂತೆ. ಬ್ಲಜೆನಾ ನನಗೆ ಫೋನ್ ಮಾಡಿದಳು.

"ಆ ಹುಡುಗಿ ತಲೆ ಅಂದ್ರೆ ಮನುಷ್ಯನ ಆತ್ಮ ಅಂತ ಬರೆದಿದಾಳೆ ಲುಮೀರ್. ಆತ್ಮಕ್ಕೆ ನಾನು ಶಾಜೀರಿಗೆ ಹಾಕಿದ್ದೆ! ಅವಳು ಏನಾದ್ರೂ ಬರ್ಕೊಳ್ಲಿ. ಆದ್ರೆ ಅವರು ಸೋಮವಾರ ಏಳದೇ ಇದ್ರೆ ಈ ಸುಳ್ಳು ನನ್ನ ಜೊತೆ ಮಣ್ಣಿಗೆ ಬರುತ್ತೆ. ಭಾನುವಾರ ಬಾ. ಪಾತ್ರೆ ಭಾರ ಇರುತ್ತೆ."

ಭಾನುವಾರ ಮಧ್ಯಾಹ್ನ ಸೂಪಿನ ಪಾತ್ರೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು ಟ್ರಾಮಿನಲ್ಲಿ ಕೂತೆ. ನಲವತ್ತೆರಡು ವರ್ಷದ ಮೇಲೆ ಅವಳು ಮಾಡಿದ ಮೊದಲ ಅಣಬೆ ಸೂಪು. ಅವಳ ಮುಷ್ಟಿಯೊಳಗೆ ಹೊಲಿಗೆಯ ಬೆರಳುಟೊಪ್ಪಿ, ಅದರೊಳಗೆ ಕರಿಮಣಿ. ದಾರಿಯುದ್ದಕ್ಕೂ ಪ್ರಾರ್ಥನೆ ಹೇಳಿಕೊಳ್ಳುವಂತೆ ತುಟಿ ಆಡಿಸುತ್ತಿದ್ದಳು. ಒತ್ಮಾರ್‌ನ ಬಾಗಿಲಿಗೆ ಬಂದಾಗ ರೂಢಿಯಂತೆ ಕನ್ನಡಕ ತೆಗೆದು ಜೇಬಿಗೆ ಹಾಕಿದಳು. ವಯಸ್ಸು ಎಪ್ಪತ್ತೈದು!

ಒತ್ಮಾರ್ ಕುರ್ಚಿಯಲ್ಲಿ ಕಂಬಳಿ ಹೊದ್ದು ಕೂತಿದ್ದ. ಸೂಪಿನ ವಾಸನೆಗೆ ಮೂಗು ಅರಳಿತು. ಬ್ಲಜೆನಾ ಬಟ್ಟಲಿಗೆ ಬಡಿಸಿದಳು, ಸೌಟು ಕೈಯಲ್ಲೇ ಉಳಿಯಿತು.

"ನಾನು ನಿಮಗೊಂದು ವಿಷಯ ಹೇಳ್ಬೇಕು. ಅವತ್ತು ಇಲಿ ಬಂದಿರ್ಲಿಲ್ಲ. ಯಾವ ಇಲಿಯೂ ಇರ್ಲಿಲ್ಲ. ನಾನೇ. ಕನ್ನಡಕ ಇಲ್ದೆ ತಪ್ಪು ಸರ ತೆಗೆದು ಸೂಪು ಮಾಡ್ದೆ. ನೀವು ಕುಡಿದ್ರಿ, ಅವನು ಕುಡಿದ, ಲುಮೀರ್ ಮೂರು ಬಟ್ಟಲು ಕುಡಿದ. ನಿಮ್ಮ ನಾಲ್ಕು ವರ್ಷದ ಚಿತ್ರ ನಾನು ಕುದಿಸಿಬಿಟ್ಟೆ. ಒಂದು ಕಣ್ಣು ಇಲ್ಲಿದೆ. ಇನ್ನೊಂದು ಆ ಮನುಷ್ಯ ನುಂಗಿದ. ನನ್ನನ್ನ ಕ್ಷಮಿಸ್ತೀರೋ ಇಲ್ವೋ, ಹೇಳಿಬಿಡಿ." ಬೆರಳುಟೊಪ್ಪಿ ಬೋರಲು ಮಾಡಿ ಮಣಿಯನ್ನು ಮೇಜಿನ ಮೇಲಿಟ್ಟಳು. ಗಲ್ಲದ ಮೇಲೆ ನೀರು ಸುರಿಯುತ್ತಿತ್ತು.

ಒತ್ಮಾರ್ ಮೇಜಿನ ಖಾನೆ ಎಳೆದು ಒಂದು ಹಳೆಯ ಚರ್ಮದ ಪಟ್ಟಿ ತೆಗೆದ. ಬೆಕ್ಕಿನ ಕುತ್ತಿಗೆ ಪಟ್ಟಿ. "ಕನ್ನಡಕ ಹಾಕ್ಕೊಳ್ಳಿ" ಅಂದ.

ಹಾಕಿಕೊಂಡಳು. ಪಟ್ಟಿಯ ನಡುವೆ, ಗಂಟೆ ಇರಬೇಕಾದ ಜಾಗದಲ್ಲಿ, ಒಂದು ಕರಿಮಣಿ ಹೊಲಿದಿತ್ತು. ಗಂಡಸಿನ ಒರಟು ಹೊಲಿಗೆ.

"ಮೆಣಸಿನ ಕಾಳು" ಅಂದ ಒತ್ಮಾರ್. "ಹಲ್ಲಿಗೆ ಸಿಕ್ತು. ಪೆಶೆಕ್ ಪಕ್ಕದಲ್ಲೇ ಕೂತಿದ್ದ. ಬಾಯಿಬಿಟ್ಟಿದ್ರೆ ಅವತ್ತೇ ನಿಮ್ಮ ಕೆಲಸ ಹೋಗ್ತಿತ್ತು. ಮಾರನೇ ದಿನ ಒಟ್ಟಿಗೆ ಕೂತು ನಗೋಣ ಅಂತ ಬಂದ್ರೆ ನೀವು ಇಲಿ ತಂದ್ರಿ. ಇಲಿ ಬಂದ್ಮೇಲೆ ಬೆಕ್ಕು ತರ್ಲೇಬೇಕಲ್ಲ. ಹದಿನಾಲ್ಕು ವರ್ಷ ನಿಮ್ಮ ಕಣ್ಣೆದುರಿಗೇ ಓಡಾಡಿಸ್ದೆ. ಒಂದ್ಸಲ, ಒಂದೇ ಒಂದ್ಸಲ ಕನ್ನಡಕ ಹಾಕ್ಕೊಂಡು ಆ ಬೆಕ್ಕನ್ನ ನೋಡಿದ್ದಿದ್ರೆ..."

ಬ್ಲಜೆನಾಳ ಮುಖ ಬಿಳಿಚಿತು, ಆಮೇಲೆ ಕಿವಿಯವರೆಗೂ ಕೆಂಪೇರಿತು. ಸೌಟು ಎತ್ತಿದಳು.

"ಏಯ್ ಕಳ್ಳ! ನಿನಗೆ ಗೊತ್ತಿತ್ತಾ? ಗೊತ್ತಿದ್ದೂ ಗೊತ್ತಿದ್ದೂ ಆ ಬೆಕ್ಕಿಗೆ ನನ್ನ ಕೈಲಿ ಹಾಲು ಹಾಕಿಸ್ದ್ಯಾ? ಇಲ್ಲಿ ನಾನು ಒಳಗೊಳಗೇ ಸಾಯ್ತಾ ಇದ್ರೆ ನೀನು ತನಿಖೆ ಎಲ್ಲಿವರೆಗೆ ಬಂತು ಅಂತ ಹಲ್ಲು ಕಿರೀತಿದ್ಯಲ್ಲೋ! ನಲವತ್ತೆರಡು ವರ್ಷ ಕಣೋ! ನಿನ್ನ ಮಫ್ಲರಿಗೆ ನುಸಿ ಹಿಡೀತು!"

ಅಷ್ಟರಲ್ಲಿ ತಾನು ಏನು ಅಂದೆ ಅಂತ ತಿಳಿದು ಕೈಯಿಂದ ಬಾಯಿ ಮುಚ್ಚಿಕೊಂಡಳು. ಸೌಟಿನಿಂದ ಒಂದು ಹನಿ ಕಂಬಳಿಯ ಮೇಲೆ ಬಿತ್ತು. ಒತ್ಮಾರ್ ಅವಳನ್ನೇ ನೋಡುತ್ತಿದ್ದ. ಅವನ ಗಲ್ಲ ನಡುಗುತ್ತಿತ್ತು. ನಗುವೋ ಅಳುವೋ ನನಗೆ ತಿಳಿಯಲಿಲ್ಲ.

"ಇನ್ನೊಂದ್ಸಲ ಬೈ" ಅಂದ.

ನಾನು ಬಟ್ಟಲು ಎತ್ತಿಕೊಂಡು, ಸೂಪು ಬಿಸಿ ಮಾಡಲು ಅಡುಗೆಮನೆಗೆ ಹೋದೆ. ತಿರುಗಿ ಬಂದಾಗಲೂ ಅವಳು ಬೈಯುತ್ತಲೇ ಇದ್ದಳು.